ಹೊಗೆಸೊಪ್ಪು ಬಿಟ್ಟ ಬೀಗರು

ಕಲ್ಯಾಣದುರ್ಗದಲ್ಲಿ ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಮ್ಮ ಹಿಂದೂಪುರದ ನಮ್ಮ ಬೀದಿಯವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದಳು. "ನಮ್ ಹುಡುಗಿ ಬಸುರೀರ ಮನೆಗೆ ಹೋಗಿ ಹೊಗೇಸೊಪ್ಪು ಹಾಕ್ತೀರಾ ಅಂತ ಕೇಳ್ತಾಳೆ ಕಣಮ್ಮ. ಅದಕ್ಕೆ ತಿಂಗಳಾದ್ರೆ ಸಂಬಳ ಕೊಡ್ತಾರಂತೆ."

ಕೇಳಿದವರು ನಗುತ್ತಿದ್ದರು. ಅಮ್ಮನೂ ನಗುತ್ತಿದ್ದಳು. ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ದೂರದ ಒಂದು ಸಂಶೋಧನಾ ಸಂಸ್ಥೆಯವರು ನಮ್ಮ ಕಡೆಯ ಹೆರಿಗೆಗಳ ಬಗ್ಗೆ ಅಧ್ಯಯನ ಮಾಡುತ್ತಿದ್ದರು. ಇಲ್ಲಿ ಹುಟ್ಟುವ ಮಕ್ಕಳಲ್ಲಿ ಕೆಲವು ಯಾಕೆ ಅಷ್ಟು ಸಣ್ಣಗಿರುತ್ತವೆ, ತಾಯಂದಿರು ಹಾಕುವ ಹೊಗೆಸೊಪ್ಪಿಗೂ ಅದಕ್ಕೂ ಎಷ್ಟು ನಂಟು, ಡಾಕ್ಟರು ಕೂತು ಹೇಳಿದರೆ ಯಾರಾದರೂ ಬಿಡುತ್ತಾರೆಯೇ ಎನ್ನುವುದು ಅವರು ತಿಳಿಯಬೇಕಾಗಿದ್ದ ಸಂಗತಿ. ಕಂಬದೂರು, ಬೆಳುಗುಪ್ಪದ ಕಡೆಯ ಹಳ್ಳಿಗಳನ್ನು ಸುತ್ತಿ ಬಸುರಿಯರನ್ನು ಮಾತಾಡಿಸುವುದು ನನ್ನ ಪಾಲಿಗೆ ಬಂದಿತ್ತು. ವಾರವಿಡೀ ಕಲ್ಯಾಣದುರ್ಗದ ಒಂದು ಬಾಡಿಗೆ ರೂಮಿನಲ್ಲಿರುತ್ತಿದ್ದೆ. ಶನಿವಾರ ಮಧ್ಯಾಹ್ನ ಬಸ್ಸು ಹತ್ತಿದರೆ ಸಂಜೆಗೆ ಹಿಂದೂಪುರ, ಅಮ್ಮನ ಕೈಯಡುಗೆ.

ತರಬೇತಿಯಲ್ಲಿ ನಮಗೆ ಕಲಿಸಿದ ಮೊದಲ ಪಾಠ, ಕೇಳಬೇಕು, ಬರೆದುಕೊಳ್ಳಬೇಕು, ಉಪದೇಶ ಮಾಡಬಾರದು ಎನ್ನುವುದು. ನೀವು ಮುಖ ಸಿಂಡರಿಸಿದರೆ ಮುಂದಿನ ಸಲ ಅವರು ನಿಜ ಹೇಳುವುದಿಲ್ಲ ಎಂದಿದ್ದರು. ಎಲ್ಲ ಪ್ರಶ್ನೆ ಮುಗಿದ ಮೇಲೆ ಕೊನೆಗೆ ನಾಲ್ಕು ಸಾಲು ಓದಿ ಹೇಳುವುದಿತ್ತು. ಹೊಗೆಸೊಪ್ಪಿನಿಂದ ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆ, ಬಿಡಲು ಸಹಾಯ ಬೇಕಿದ್ದರೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಬನ್ನಿ, ಅಷ್ಟೆ. ಓದಿ, ಟ್ಯಾಬ್ ಮುಚ್ಚಿ, ನೀರು ಕುಡಿದು, ಹೊರಟುಬಿಡುತ್ತಿದ್ದೆ.

ಕಂಬದೂರಿಗೆ ಹೋಗುವ ದಾರಿಯಲ್ಲಿ, ಮುಖ್ಯ ರಸ್ತೆಯಿಂದ ಸ್ವಲ್ಪ ಒಳಗೆ ಒಂದು ಊರು. ಅಲ್ಲಿ ಒಂದು ಮನೆಯ ಮುಂದೆ ಅತ್ತೆ ಸೊಸೆ ಇಬ್ಬರೂ ಕೂತು ಕಡ್ಲೆಕಾಯಿ ಸುಲಿಯುತ್ತಿದ್ದರು. ಒಂದು ಕಾಲಕ್ಕೆ ನೇಯ್ಗೆಯ ಮನೆ ಅದು. ಮಗ್ಗ ಹೋಗಿ ಎಷ್ಟೋ ವರ್ಷವಾಗಿತ್ತು, ಮಗ್ಗದ ಗುಂಡಿಯನ್ನು ಮುಚ್ಚಿ ಮೇಲೆ ಬಂಡೆ ಹಾಸಿದ್ದರು. ಮಗ ಆಟೋ ಓಡಿಸುತ್ತಿದ್ದ. ಸೊಸೆಗೆ ಆಗ ಐದನೇ ತಿಂಗಳು. ತೆಳ್ಳಗಿನ ಹುಡುಗಿ, ಒಂದು ಕೆನ್ನೆ ತುಸು ಊದಿಕೊಂಡಿತ್ತು. ಮಾತಾಡಿಸುತ್ತಾ ಅವಳ ತವರು ಹಿಂದೂಪುರ ಎಂದು ಗೊತ್ತಾಯಿತು. ಅದೂ ನಮ್ಮ ಬೀದಿಗೆ ಎರಡು ಬೀದಿ ಆಚೆ. ಅವಳ ಅಪ್ಪನ ಪವರ್‌ಲೂಮಿನ ಸದ್ದು ಕೇಳಿಕೊಂಡೇ ನಾನು ಸ್ಕೂಲಿಗೆ ಹೋಗುತ್ತಿದ್ದದ್ದು. ಅಷ್ಟು ತಿಳಿದದ್ದೇ ಅವಳು ಮೇಡಮ್ ಎನ್ನುವುದನ್ನು ಬಿಟ್ಟು ಅಕ್ಕ ಎಂದಳು.

ಹೊಗೆಸೊಪ್ಪಿನ ಪ್ರಶ್ನೆ ಬಂದಾಗ ಹುಡುಗಿ ಅತ್ತೆಯ ಮುಖ ನೋಡಿದಳು. ಅತ್ತೆ ಕೈಯಲ್ಲಿದ್ದ ಕಡ್ಲೆಕಾಯಿ ಒಡೆಯುತ್ತಲೇ ಹೇಳಿದರು.

"ಹಾಕ್ತಾಳೆ, ಬರ್ಕೊಳಮ್ಮ. ಮುಚ್ಚಿಡೋದೇನೈತೆ. ನಾನೂ ಹಾಕ್ತೀನಿ. ಇವ್ಳಿಗೆ ಕೊಟ್ಟೋಳೂ ನಾನೇಯ. ಬಂದ ಹೊಸ್ತರಲ್ಲಿ ಹಲ್ನೋವು ಅಂತ ರಾತ್ರಿಯೆಲ್ಲ ಗೋಳಾಡ್ತಿದ್ಲು. ಒಂಚೂರು ಸುಣ್ಣ ಹಚ್ಚಿ ದವಡೆಗೆ ಇಟ್ಕೊ ಅಂದೆ. ನೋವು ನಿಂತೋಯ್ತು. ಅದು ಹಂಗೇ ಅಭ್ಯಾಸ ಆಗ್ಬುಡ್ತು."

ನಾನು ಬರೆದುಕೊಂಡೆ. ಇದು ಎಷ್ಟನೇ ಬಸಿರು ಎಂದು ಕೇಳಿದೆ. ಎರಡನೆಯದು. ಮೊದಲನೆಯದು ದಿನ ತುಂಬುವ ಮೊದಲೇ ಹುಟ್ಟಿತ್ತು. ಆಸ್ಪತ್ರೆಯಲ್ಲೇ ಕೆಲವು ದಿನ ಇದ್ದು ಹೋಗಿಬಿಟ್ಟಿತ್ತು. ಅತ್ತೆ ಎದ್ದು ಸಿಪ್ಪೆಯ ಮೊರ ತೆಗೆದುಕೊಂಡು ಹಿತ್ತಲಿಗೆ ಹೋದರು. ನಾನು ಕೊನೆಯ ನಾಲ್ಕು ಸಾಲು ಓದಿ ಹೇಳಿದೆ. ಹುಡುಗಿ ತಲೆ ತಗ್ಗಿಸಿ ಕೇಳಿಸಿಕೊಂಡಳು. ನಾನು ಏಳುವಾಗ ನನ್ನ ಸೆರಗು ಹಿಡಿದಳು.

"ಅಕ್ಕಾ, ಮೊದಲ್ನೇದು ಇದ್ರಿಂದ್ಲೇ ಹೋಯ್ತಾ?"

ಹೌದು ಎಂದರೆ ಆ ಹುಡುಗಿ ಬದುಕಿರುವ ತನಕ ಅದನ್ನು ಹೊತ್ತು ತಿರುಗುತ್ತಾಳೆ. ಅಲ್ಲ ಎನ್ನಲು ನಾನು ಯಾರು? "ನಂಗೊತ್ತಿಲ್ಲ ಕಣೇ. ಗೊತ್ತಿರೋರ ಹತ್ರ ಕರ್ಕೊಂಡು ಹೋಗ್ತೀನಿ, ಬರ್ತೀಯಾ?" ಎಂದೆ. ಅವಳು ಹೂಂ ಎಂದಳು. ಆಟೋ ಸಿಗುವವರೆಗೆ ರಸ್ತೆಯಲ್ಲಿ ನಿಂತು ನನ್ನ ಮೇಲಿನವರಿಗೆ ಫೋನ್ ಮಾಡಿದೆ. ಹೀಗೆ ಒಬ್ಬಳನ್ನು ನಾನೇ ಕರೆದುಕೊಂಡು ಹೋಗಬಹುದೇ, ಅಧ್ಯಯನ ಕೆಡುತ್ತದೆಯೇ ಎಂದು ಕೇಳಿದೆ. ಅವರು "ಕೇಳಿದವರನ್ನು ಕೈಬಿಡೋದಕ್ಕೆ ಅಧ್ಯಯನ ಯಾಕಮ್ಮ ಬೇಕು? ಕರೆದುಕೊಂಡು ಹೋಗು. ಹೋದೆ ಅಂತ ಬರೆದಿಡು" ಎಂದರು.

ಆ ಊರಿಗೆ ಹತ್ತಿರದ ಆರೋಗ್ಯ ಕೇಂದ್ರದ ಡಾಕ್ಟರಮ್ಮನನ್ನು ನಾನು ಆ ವಾರವೇ ಕಾಣಬೇಕಿತ್ತು, ಬೇರೆ ಕಾರಣಕ್ಕೆ. ನಮ್ಮ ಅಧ್ಯಯನದಲ್ಲಿ ಡಾಕ್ಟರುಗಳನ್ನು ಕೇಳುವ ಭಾಗವೂ ಒಂದಿತ್ತು. ನಿಮಗೆ ಸಂಬಳ ತಿಂಗಳಿಗೋ, ಕೇಸಿಗೋ? ಒಬ್ಬ ಬಸುರಿಯ ಜೊತೆ ಎಷ್ಟು ಹೊತ್ತು ಮಾತಾಡುತ್ತೀರಿ? ಹೊಗೆಸೊಪ್ಪಿನ ವಿಷಯ ಎತ್ತುತ್ತೀರಾ? ಇಂಥವು. ಈ ಪ್ರಶ್ನೆಗಳನ್ನು ಕೇಳುವುದಕ್ಕೇ ನನಗೆ ಮುಜುಗರ. ಯಾರ ಸಂಬಳವನ್ನಾದರೂ ಕೇಳುವುದು ನಮ್ಮಲ್ಲಿ ಮರ್ಯಾದೆಯಲ್ಲ, ಅದರಲ್ಲೂ ಡಾಕ್ಟರ ಸಂಬಳವನ್ನು.

ಡಾಕ್ಟರಮ್ಮ ನಲವತ್ತರ ಆಸುಪಾಸಿನವರು, ಅಲ್ಲಿ ಕಾಂಟ್ರಾಕ್ಟ್ ಮೇಲಿದ್ದರು. ಹೊರರೋಗಿಗಳೆಲ್ಲ ಹೋದ ಮೇಲೆ ಮಧ್ಯಾಹ್ನ ಟಿಫಿನ್ ಡಬ್ಬಿ ಬಿಚ್ಚಿಕೊಂಡು ಕೂತಿದ್ದರು. ನನಗೂ ಮುಚ್ಚಳದಲ್ಲಿ ಒಂದಿಷ್ಟು ಮಂಡಕ್ಕಿಯ ಒಗ್ಗಾಣಿ ಹಾಕಿಕೊಟ್ಟು, "ಅಡಗಮ್ಮಾ, ಕೇಳು" ಎಂದರು. ಅವರ ಮಾತು ತೆಲುಗಿನಲ್ಲಿ ಶುರುವಾಗಿ ಕನ್ನಡದಲ್ಲಿ ಮುಗಿಯುತ್ತಿತ್ತು.

"ಮೊದಲು ನಾನು ಒಂದು ನರ್ಸಿಂಗ್ ಹೋಮ್‌ನಲ್ಲಿದ್ದೆ. ಅಲ್ಲಿ ಕೇಸಿಗೆ ಇಷ್ಟು ಅಂತ. ಆಪರೇಷನ್ ಮಾಡಿದರೆ ಕೈ ತುಂಬಾ. ಕುರ್ಚಿ ಎಳಕೊಂಡು ಕೂತು, ನೀನು ಇದನ್ನ ಯಾಕೆ ಹಾಕ್ತೀಯಮ್ಮ, ಹೇಗೆ ಬಿಡ್ತೀಯ ಅಂತ ಅರ್ಧ ಗಂಟೆ ಮಾತಾಡಿದರೆ ಏನೂ ಇಲ್ಲ. ಮಾತಿಗೆ ಯಾರು ಫೀಸ್ ಕೊಡ್ತಾರೆ? ಇಲ್ಲಿ ತಿಂಗಳ ಸಂಬಳ. ಮಾತಾಡಿದರೂ ಅಷ್ಟೇ, ಮಾತಾಡದೆ ಹೋದರೂ ಅಷ್ಟೇ. ಆದರೆ ಹೊರಗೆ ಕ್ಯೂ ನೋಡಿದೀಯಲ್ಲ."

"ಹಾಗಾದ್ರೆ ಹೊಗೆಸೊಪ್ಪಿನ ವಿಷಯ ಎತ್ತೋದೇ ಇಲ್ಲ ಅಂತ ಬರೀಲಾ ಮೇಡಮ್?"

"ಬಿಟ್ಟುಬಿಡಮ್ಮ ಅಂತ ಒಂದು ಮಾತು ಹೇಳ್ತೀನಿ. ಅಷ್ಟಕ್ಕೆ ಯಾರೂ ಬಿಡಲ್ಲ, ನಂಗೂ ಗೊತ್ತು. ಹಾಗೇ ಬರಿ." ಅವರು ಡಬ್ಬಿ ಮುಚ್ಚಿದರು. "ನರ್ಸಿಂಗ್ ಹೋಮಿನವರು ಮತ್ತೆ ಕರೀತಿದಾರೆ. ಮಗಳು ಕಾಲೇಜಿಗೆ ಬಂದಳು. ಹೋಗಿಬಿಡೋಣ ಅಂತಾನೂ ಅನಿಸ್ತದೆ. ಇದನ್ನ ಬರೀಬೇಡ."

ನಾನು ಬರೆಯಲಿಲ್ಲ. ಬದಲಿಗೆ ಆ ಹುಡುಗಿಯ ಪ್ರಶ್ನೆಯನ್ನು ಹೇಳಿದೆ. ಅವರು ಕೈ ತೊಳೆಯಲು ಎದ್ದವರು ಹಾಗೇ ನಿಂತರು. "ಹಂಗಂತ ಕೇಳಿದಳಾ?" ಎಂದರು. ಆಮೇಲೆ, "ತಪಾಸಣೆ ದಿನ ಬೇಡ, ಆ ದಿನ ಜಾತ್ರೆ ಆಗಿರ್ತದೆ. ಮಾರನೇ ದಿನ ಇದೇ ಹೊತ್ತಿಗೆ ಕರಕೊಂಡು ಬಾ. ಅತ್ತೇನೂ ಬರಲಿ" ಎಂದರು.

ಅತ್ತೆ ಬರುತ್ತಾರೆಂದು ನಾನು ನಂಬಿರಲಿಲ್ಲ. ಆದರೆ ಮಗನ ಆಟೋದಲ್ಲಿ ಸೊಸೆಗಿಂತ ಮೊದಲು ಇಳಿದವರು ಅವರೇ. ಡಾಕ್ಟರಮ್ಮ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು, ಬಾಗಿಲು ಮುಂದೆ ಮಾಡಿ, ಹುಡುಗಿಗೆ ನೇರವಾಗಿ ಹೇಳಿದರು.

"ಮೊದಲನೇ ಮಗು ಅದರಿಂದಲೇ ಹೋಯ್ತು ಅಂತ ನಾನು ಹೇಳಕ್ಕಾಗಲ್ಲ. ಯಾರೂ ಹೇಳಕ್ಕಾಗಲ್ಲ. ಬೇಗ ಹುಟ್ಟೋದಕ್ಕೆ ಕಾರಣ ಬೇಕಾದಷ್ಟಿರ್ತವೆ. ಆದರೆ ಇದನ್ನ ಬಿಟ್ಟರೆ ಈ ಮಗುವಿಗೆ ಒಳ್ಳೇದು. ಇಷ್ಟು ಮಾತ್ರ ಗಟ್ಟಿಯಾಗಿ ಹೇಳ್ತೀನಿ. ನೀನು ಕೆಟ್ಟೋಳಲ್ಲ. ನೋವಿತ್ತು, ಹಾಕಿದೆ. ಈಗ ಬಾಯಿ ತೆಗಿ, ಆ ನೋವು ನೋಡೋಣ."

ಬಾಯಿ ತೆಗೆಸಿ ಟಾರ್ಚು ಬಿಟ್ಟರು. ಒಳಗೆ ಒಂದು ದವಡೆ ಹಲ್ಲು ಪೂರಾ ಹುಳುಕಾಗಿತ್ತು. ಮದುವೆಯಾಗಿ ಬಂದಾಗಿನಿಂದ ಅವಳು ಆ ಹಲ್ಲನ್ನೇ ಹೊಗೆಸೊಪ್ಪಿನಿಂದ ಮಲಗಿಸಿಟ್ಟಿದ್ದದ್ದು. ನಮ್ಮ ಟ್ಯಾಬಿನಲ್ಲಿ ಅಷ್ಟೊಂದು ಪ್ರಶ್ನೆಗಳಿದ್ದರೂ ಹಲ್ಲಿನ ಬಗ್ಗೆ ಒಂದೂ ಇರಲಿಲ್ಲ. "ಇದು ಇರೋ ತನಕ ಇವಳು ಹೇಗಮ್ಮ ಬಿಡ್ತಾಳೆ?" ಎಂದು ಡಾಕ್ಟರಮ್ಮ ನನ್ನ ಕಡೆ ತಿರುಗಿ ಕೇಳಿದರು. ಬಸುರಿಯ ಹಲ್ಲು ಕೀಳಬಾರದು ಎಂದು ಅತ್ತೆ ಹೆದರಿದರು. ಈ ತಿಂಗಳಲ್ಲಿ ತೊಂದರೆಯಿಲ್ಲ, ನಾನೇ ಹಲ್ಲಿನ ಡಾಕ್ಟರಿಗೆ ಹೇಳುತ್ತೇನೆ ಎಂದು ಡಾಕ್ಟರಮ್ಮ ಅಲ್ಲೇ ಫೋನ್ ಮಾಡಿದರು. ಆ ವಾರವೇ ಕಲ್ಯಾಣದುರ್ಗದಲ್ಲಿ ಹಲ್ಲು ಕೀಳಿಸಿಯೂ ಆಯಿತು. ಹುಡುಗಿ ಬಾಯಲ್ಲಿ ಹತ್ತಿ ಕಚ್ಚಿಕೊಂಡು ಹೊರಬಂದವಳು, ನನ್ನನ್ನು ನೋಡಿ ಕಣ್ಣಲ್ಲೇ ನಕ್ಕಳು.

ಬಿಡುವುದು ಹಲ್ಲು ಕಿತ್ತಷ್ಟು ಸುಲಭವಾಗಲಿಲ್ಲ. ತಲೆ ಸಿಡಿಯುತ್ತದೆ, ಊಟ ಸೇರುವುದಿಲ್ಲ, ಗಂಡ ಮಾತಾಡಿದರೆ ಸಿಟ್ಟು ಬರುತ್ತದೆ ಎಂದು ಫೋನಿನಲ್ಲಿ ಅಳುತ್ತಿದ್ದಳು. ಡಾಕ್ಟರಮ್ಮ ವಾರಕ್ಕೊಮ್ಮೆ ಅವಳನ್ನು ಕರೆಸಿಕೊಂಡು ಮಾತಾಡುತ್ತಿದ್ದರು. ಸ್ವಲ್ಪ ದಿನ ಹೀಗೇ, ಆಮೇಲೆ ಇಳಿಯುತ್ತದೆ ಎನ್ನುತ್ತಿದ್ದರು. ಅವಳು ಒಂದೆರಡು ಸಲ ಜಾರಿದಳು, ಜಾರಿದ್ದನ್ನು ಹೇಳಿದಳು. ಡಾಕ್ಟರಮ್ಮ ಬೈಯಲಿಲ್ಲ.

ನಾನು ಮುಂದಿನ ಸಲ ಆ ಮನೆಗೆ ಹೋದಾಗ ಅತ್ತೆಯ ಸೊಂಟದಲ್ಲಿ ಸದಾ ಇರುತ್ತಿದ್ದ ಹೊಗೆಸೊಪ್ಪಿನ ಸಂಚಿ ಕಾಣಲಿಲ್ಲ. ತಲೆಗೆ ಒಂದು ಬಟ್ಟೆ ಬಿಗಿಯಾಗಿ ಕಟ್ಟಿಕೊಂಡು ಜಗುಲಿಯ ಮೇಲೆ ನೆಲ್ಲಿಕಾಯಿ ಹೆಚ್ಚುತ್ತಿದ್ದರು. ಉಪ್ಪು ಜೀರಿಗೆ ಹಚ್ಚಿ ಒಣಗಿಸಿ, ಬಾಯಿಗೆ ಹಾಕಿಕೊಳ್ಳುವ ನೆಲ್ಲಿ ಅಡಿಕೆ ಮಾಡುತ್ತಿದ್ದರು.

"ನೀವೂ ಬಿಟ್ರಾ?" ಎಂದೆ.

"ನಾನು ಹಾಕ್ಕಂಡು ಅವ್ಳ್‌ನ ಬುಡು ಅಂದ್ರೆ ಬುಟ್ಟಾಳಾ?" ಎಂದರು. ಇನ್ನೊಂದು ನೆಲ್ಲಿಕಾಯಿ ಎತ್ತಿಕೊಂಡರು. "ಕೊಟ್ಟೋಳು ನಾನು ಕಣಮ್ಮ. ಅದ್ರಿಂದ್ಲೇ ಹೋಯ್ತು ಅಂತ ಹೇಳಕ್ಕಾಗಲ್ಲ ಅಂದ್ರು ಡಾಕ್ಟ್ರಮ್ಮ. ಅದ್ರಿಂದ ಅಲ್ಲ ಅಂತ್ಲೂ ಅನ್ನಲಿಲ್ಲವಲ್ಲ. ಆ ಕೂಸು ನನ್ ಅಂಗೈಯಷ್ಟಿತ್ತು. ನಾನೇ ಎತ್ಕಂಡಿದ್ದು."

ಇನ್ನೊಂದು ಚಾಕು ತರಿಸಿಕೊಂಡು ನಾನೂ ನೆಲ್ಲಿಕಾಯಿ ಹೆಚ್ಚಿದೆ.

ಏಳನೇ ತಿಂಗಳಲ್ಲಿ ಸೀಮಂತ ಮಾಡಿ ಹುಡುಗಿಯನ್ನು ಹಿಂದೂಪುರಕ್ಕೆ ತವರಿಗೆ ಕಳಿಸಿದರು. ನನಗೆ ಅಲ್ಲಿಂದ ಚಿಂತೆ ಹತ್ತಿತು. ಅವಳ ಅಪ್ಪ ನಮ್ಮ ಬೀದಿಗಳಲ್ಲೆಲ್ಲ ಹೆಸರಾದ ನೇಯ್ಗೆಯವರು. ಹೊಗೆಸೊಪ್ಪಿನಲ್ಲೂ ಹೆಸರಾದವರೇ. ಎರಡು ಪವರ್‌ಲೂಮುಗಳ ನಡುವೆ ಒಂದು ಸ್ಟೂಲು, ಸ್ಟೂಲಿನ ಪಕ್ಕದ ಗೂಟಕ್ಕೆ ಸಂಚಿ. ಮಗ್ಗ ಓಡುವಷ್ಟು ಹೊತ್ತೂ ಅವರ ಕೆನ್ನೆ ಉಬ್ಬಿಕೊಂಡೇ ಇರುತ್ತಿತ್ತು. ನಾನು ಒಂದು ಭಾನುವಾರ ಹೋದಾಗ ಹುಡುಗಿ ಮಗ್ಗದ ಕೋಣೆಯ ಹೊಸಿಲ ಮೇಲೆ ಕೂತಿದ್ದಳು. "ಆ ವಾಸ್ನೆ ಬಂದ್ರೆ ಬಾಯಲ್ಲಿ ನೀರೂರ್ತದೆ ಅಕ್ಕಾ. ಎದ್ದೋಗಿ ಆ ಕಡೆ ಕೂತ್ಕೊಳಾಣ ಅಂದ್ರೆ ಕಾಲೇ ಬರಲ್ಲ" ಎಂದಳು.

ಅಪ್ಪನಿಗೆ ನಾನು ಮೆಲ್ಲಗೆ ಹೇಳಿ ನೋಡಿದೆ. ಅವರು ಲಾಳಿಯ ಸದ್ದಿನ ಮೇಲೆ ಕೂಗಿ ಹೇಳಿದರು. "ಅಮ್ಮಾಯಿ, ಇದಿಲ್ದಿದ್ರೆ ನಂಗೆ ದಾರನೇ ಕಾಣಲ್ಲ ಕಣಮ್ಮ. ಅವ್ಳಿಗೆ ನಾನು ಕೊಡಲ್ಲ, ಆಯ್ತಾ?" ಅವಳ ಅಮ್ಮ ನನಗೆ ಕಾಫಿ ಕೊಟ್ಟು ಕಳಿಸಿದರು. ಕಲ್ಯಾಣದುರ್ಗಕ್ಕೆ ಮರಳಿದ ಮೇಲೆ ಅತ್ತೆಗೆ ಈ ವಿಷಯ ಹೇಳಿದೆ. ಅವರು ಕೇಳಿಸಿಕೊಂಡರು.

ಮುಂದಿನ ಶನಿವಾರ ನಾನು ಹಿಂದೂಪುರದ ಬಸ್ಸು ಹತ್ತಿದರೆ ಕಿಟಕಿಯ ಪಕ್ಕದ ಸೀಟಿನಲ್ಲಿ ಅತ್ತೆ. ಮಡಿಲಲ್ಲಿ ಒಂದು ಬಟ್ಟೆಯ ಚೀಲ, ಚೀಲದೊಳಗೆ ದೊಡ್ಡ ಸ್ಟೀಲ್ ಡಬ್ಬಿ.

"ಬೀಗರ ಮನೆಗೆ ಹೊಂಟಿದೀನಿ" ಎಂದರು.

"ಏನ್ ವಿಶೇಷ?"

"ವಿಶೇಷ ಏನಿಲ್ಲ. ಹೆರಿಗೆ ತನಕ ಅಲ್ಲೇ ಇರ್ತೀನಿ."

ನಾನು ಬೆಚ್ಚಿದೆ. ನಮ್ಮಲ್ಲಿ ಗಂಡಿನ ತಾಯಿ ಕರೆಯದೆ ಹೆಣ್ಣಿನ ಮನೆಗೆ ಹೋಗುವುದುಂಟೇ? ಹೋದರೂ ಒಂದು ಹೊತ್ತಿನ ಊಟ, ತಾಂಬೂಲ, ಹೊರಟುಬಿಡುವುದು. ಅಲ್ಲಿ ಬಿಡಾರ ಹೂಡಿದರೆ ಊರು ಆಡಿಕೊಳ್ಳುತ್ತದೆ. ಅದನ್ನು ಹೇಳಿದೆ. "ಆಡ್ಕಳ್ಳಿ ಬುಡು" ಎಂದು ಅವರು ಡಬ್ಬಿ ತೆಗೆದು ನನಗೆ ಎರಡು ಚೂರು ನೆಲ್ಲಿ ಅಡಿಕೆ ಕೊಟ್ಟರು.

ಹುಡುಗಿಯ ಅಮ್ಮನ ಗಾಬರಿಯನ್ನು ಹೇಳತೀರದು. ಬೀಗಿತಿ ಬಂದಿದ್ದಾರೆ, ಯಾಕೆ ಬಂದರೋ ಗೊತ್ತಿಲ್ಲ, ಮಗಳ ಮೇಲೆ ಏನಾದರೂ ದೂರಿದೆಯೋ ಎಂದು ನಡುಗಿ, ಆ ರಾತ್ರಿ ಪಾಯಸ ಹೋಳಿಗೆ ಎಲ್ಲ ಮಾಡಿದರು. ಮಾರನೆಯ ದಿನ ಮಧ್ಯಾಹ್ನ ನಾನು ಹೋದಾಗ ಊಟಕ್ಕೆ ಎಲೆ ಹಾಕಿದ್ದರು, ನನ್ನನ್ನೂ ಕೂರಿಸಿದರು. ಊಟ ಮುಗಿಯುತ್ತಿದ್ದಂತೆ ಅತ್ತೆ ಹುಡುಗಿಯ ಅಪ್ಪನ ಕಡೆ ತಿರುಗಿ ಹೇಳಿದರು.

"ಅಣ್ಣಯ್ಯ, ಒಂದು ಕೇಳ್ತೀನಿ, ಇಲ್ಲ ಅನ್ನಬಾರದು. ನಿಮ್ಮ ಸಂಚಿ ನನ್ ಕೈಗೆ ಕೊಡಿ."

ಬೀಗರು ನಕ್ಕುಬಿಟ್ಟರು. "ಏನ್ ಬೀಗ್ತಮ್ಮಾ, ಮಗಳನ್ನೇ ಕೊಟ್ಟಿದೀನಿ, ಇನ್ನು ಸಂಚೀನೂ ಕೊಡ್ಬೇಕಾ?"

ಎಲ್ಲರೂ ನಕ್ಕೆವು. ಅತ್ತೆ ನಗಲಿಲ್ಲ.

"ನೀವು ಮಗಳ್ನ ಕೊಟ್ರಿ. ಅವ್ಳಿಗೆ ನಾನೇನ್ ಕೊಟ್ಟೆ ಗೊತ್ತಾ? ಹೊಗೇಸೊಪ್ಪು ಕೊಟ್ಟೆ. ಮೊದಲ್ನೇದು ಉಳೀಲಿಲ್ಲ. ಅದ್ರಿಂದಾನೋ ಅಲ್ವೋ ದೇವ್ರಿಗೇ ಗೊತ್ತು. ನಂಗೆ ಮಾತ್ರ ನಿದ್ದೆ ಬರಾಕಿಲ್ಲ ಅಣ್ಣಯ್ಯ. ಈಗ ಹುಡುಗಿ ಹಲ್ಲು ಕಚ್ಕೊಂಡು ಬುಟ್ಟವ್ಳೆ. ಇಲ್ಲಿ ನಿಮ್ ವಾಸ್ನೆಗೆ ಮತ್ತೆ ಹಾಕ್ಕಂಡ್ರೆ ನಾನು ಯಾರ್‌ನ ಅನ್ನಲಿ?"

ಹುಡುಗಿ ಎಲೆಯ ಮುಂದೆಯೇ ಅತ್ತಳು. ಬೀಗರು ಎದ್ದು ಕೈ ತೊಳೆದು ಮಗ್ಗದ ಕೋಣೆಗೆ ಹೋದರು. ಮಗ್ಗ ಶುರುವಾಗುವ ಸದ್ದಿಗೆ ನಾವು ಕಾದೆವು. ಸದ್ದಾಗಲಿಲ್ಲ. ಅವರು ಸಂಚಿ ಹಿಡಿದುಕೊಂಡು ಬಂದು, ಅತ್ತೆಯ ಕೈಗೆ ಕೊಡಲು ನಾಚಿಕೆಯಾಗಿ, ಹೆಂಡತಿಯ ಕೈಗೆ ಕೊಟ್ಟು, "ಅವರಿಗೆ ಕೊಡು" ಎಂದರು.

ಅಲ್ಲಿಗೆ ಕತೆ ಮುಗಿಯಿತು ಎಂದುಕೊಂಡರೆ ತಪ್ಪು. ಎರಡನೇ ದಿನಕ್ಕೇ ಬೀಗರು ಮೂಲೆಯಂಗಡಿಯಲ್ಲಿ ಕೊಂಡು ಬಾಯಿಗೆ ಹಾಕಿಕೊಂಡರು. ಅತ್ತೆ ವಾಸನೆಯಲ್ಲೇ ಹಿಡಿದರು. ಆಮೇಲಿನದನ್ನು ನಾನು ವಾರವಾರ ಹೋಗಿ ನೋಡಿದ್ದೂ ಇದೆ, ಅಮ್ಮನ ಬಾಯಲ್ಲಿ ಕೇಳಿದ್ದೂ ಇದೆ. ಬೀದಿಗೆಲ್ಲ ಅದೇ ಸುದ್ದಿಯಾಗಿತ್ತು. ಅತ್ತೆ ಮಗ್ಗದ ಕೋಣೆಯಲ್ಲೇ ಚಾಪೆ ಹಾಕಿಕೊಂಡು ಕೂರತೊಡಗಿದರು. ಮುಚ್ಚಿದ ಗುಂಡಿಮಗ್ಗದ ಮನೆಯಿಂದ ಬಂದವರು, ಎಷ್ಟೋ ವರ್ಷಗಳ ಮೇಲೆ ದಾರ ಕೈಗೆ ಸಿಕ್ಕಿತ್ತು. ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತಿ ಕೊಡುತ್ತಿದ್ದರು. ಬೀಗರ ಕೈ ಗೂಟದ ಕಡೆ ಹೋದಾಗಲೆಲ್ಲ ಡಬ್ಬಿ ಮುಂದೆ ಮಾಡುತ್ತಿದ್ದರು.

"ತಲೆ ಸಿಡೀತೈತೆ ಬೀಗ್ತಮ್ಮ."

"ನಂಗೂ ಸಿಡೀತಿತ್ತು. ಬಟ್ಟೆ ಕಟ್ಕಳಿ."

ಬೀಗರು ತಲೆಗೆ ಟವಲು ಕಟ್ಟಿಕೊಂಡು ನೇಯುತ್ತಿದ್ದರು. ಸಿಟ್ಟು ಬಂದರೆ ತೆಲುಗಿನಲ್ಲಿ ಮಗ್ಗಕ್ಕೆ ಬೈಯುತ್ತಿದ್ದರು. ಬೀಗಿತಿಗೆ ಬೈಯುವ ಹಾಗಿಲ್ಲವಲ್ಲ, ಅದೇ ಒಳ್ಳೆಯದಾಯಿತು. ಹೆಂಡತಿ ಹೇಳಿದ್ದರೆ ಎಗರಾಡುತ್ತಿದ್ದರು, ಮಗಳು ಹೇಳಿದ್ದರೆ ನಗುತ್ತಿದ್ದರು, ನಾನು ಹೇಳಿದಾಗ ಸದ್ದಿನಲ್ಲಿ ಮುಳುಗಿಸಿಬಿಟ್ಟಿದ್ದರು. ಬೀಗಿತಿಯ ಮುಂದೆ ಮಾತ್ರ ಮರ್ಯಾದೆ ಬಿಡುವಂತಿರಲಿಲ್ಲ. ನಾನು ಫೋನಿನಲ್ಲಿ ಇದನ್ನೆಲ್ಲ ಹೇಳಿದಾಗ ಡಾಕ್ಟರಮ್ಮ ಆ ಕಡೆಯಿಂದ ಎಷ್ಟು ನಕ್ಕರೆಂದರೆ ಅವರಿಗೆ ಕೆಮ್ಮು ಬಂತು. ಅವರು ಅಷ್ಟು ನಕ್ಕದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

ದಿನ ತುಂಬಿದ ಮೇಲೆಯೇ ಹುಡುಗಿಗೆ ನೋವು ಬಂತು. ಅಂದು ನಾನು ಹಿಂದೂಪುರದಲ್ಲೇ ಇದ್ದೆ. ಬೆಳಿಗ್ಗೆ ಹಾಲು ತರಲು ಹೊರಟವಳನ್ನು ಹುಡುಗಿಯ ಅಮ್ಮ ದಾರಿಯಲ್ಲೇ ಕರೆದರು. ಸರ್ಕಾರಿ ಆಸ್ಪತ್ರೆಯ ಹೆರಿಗೆ ವಾರ್ಡಿನ ಹೊರಗೆ ಬೆಂಚಿನ ಮೇಲೆ ಬೀಗರೂ ಬೀಗಿತಿಯೂ ನಡುವೆ ಡಬ್ಬಿ ಇಟ್ಟುಕೊಂಡು ಕೂತಿದ್ದರು. ಬೀಗರು ಡಬ್ಬಿಯನ್ನು ಅರ್ಧ ಖಾಲಿ ಮಾಡಿದ್ದರು. ಹುಡುಗಿಯ ಗಂಡ ಕಂಬದೂರಿನ ಕಡೆಯಿಂದ ಹೊರಟಿದ್ದ, ಇನ್ನೂ ತಲುಪಿರಲಿಲ್ಲ. ಬಿಸಿಲೇರುವ ಹೊತ್ತಿಗೆ ನರ್ಸು ಬಾಗಿಲು ತೆಗೆದು ಹುಡುಗಿಯ ಕಡೆಯವರು ಯಾರು ಎಂದು ಕೂಗಿದಳು. ಅತ್ತೆ ಎದ್ದವರೇ ಕೇಳಿದರು.

"ತೂಕ ಎಷ್ಟಮ್ಮಾ?"

ನರ್ಸು ತಬ್ಬಿಬ್ಬಾದಳು. "ಎಲ್ಲಾರೂ ಗಂಡೋ ಹೆಣ್ಣೋ ಅಂತ ಕೇಳ್ತಾರೆ. ನೀವೇನ್ರೀ ಅಜ್ಜಿ, ತೂಕ ಕೇಳ್ತೀರ?"

"ಅದು ಯಾವ್ದಾದ್ರೂ ಆಗ್ಲಿ. ತೂಕ ಹೇಳು."

"ಎರಡೂ ಮುಕ್ಕಾಲು ಕೇಜಿ. ಹೆಣ್ಣು ಮಗು. ಚೆನ್ನಾಗಿದಾಳೆ."

ಅತ್ತೆ ಬೆಂಚಿನ ಮೇಲೆ ಕೂತುಬಿಟ್ಟರು. ಸೆರಗಿನಿಂದ ಮುಖ ಮುಚ್ಚಿಕೊಂಡರು. ಪಕ್ಕದಲ್ಲಿದ್ದ ಬೀಗರು ತಲೆಗೆ ಕಟ್ಟಿಕೊಂಡಿದ್ದ ಟವಲು ಬಿಚ್ಚಿ ಅವರ ಕಡೆ ಚಾಚಿದರು. ಸ್ವಲ್ಪ ಹೊತ್ತಿಗೆ ಮಗುವನ್ನು ತಂದು ತೋರಿಸಿದರು. ಕೆಂಪಗೆ, ದುಂಡಗೆ, ಎರಡೂ ಮುಷ್ಟಿ ಬಿಗಿಹಿಡಿದುಕೊಂಡಿತ್ತು. ಅತ್ತೆ ಎತ್ತಿಕೊಳ್ಳಲು ಕೈ ಚಾಚಿದರು. ಒಂದು ಅಂಗೈ ಸಾಲಲಿಲ್ಲ, ಎರಡು ತೋಳೂ ಬೇಕಾದವು.

ತೊಟ್ಟಿಲಿಗೆ ಹಾಕುವ ದಿನ ಬೀದಿಗೆ ಬೀದಿಯೇ ಬಂದಿತ್ತು. ಊಟವಾದ ಮೇಲೆ ತಾಂಬೂಲದ ತಟ್ಟೆ ಸುತ್ತಿ ಬಂತು. ಎಲೆ, ಅಡಿಕೆ, ಸುಣ್ಣ, ಲವಂಗ. ನೇಯುವವರೇ ಆದ ಒಬ್ಬ ಹಿರಿಯರು ತಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ಏನಪ್ಪಾ, ಹೊಗೇಸೊಪ್ಪೆಲ್ಲಿ? ಮೊಮ್ಮಗು ಹುಟ್ಟಿದ್ದಕ್ಕೆ ಜಿಪುಣ ಆಗ್ಬುಟ್ಟಾ?" ಎಂದರು.

"ನಮ್ಮನೇಲಿ ಇಲ್ಲ ಕಣಣ್ಣಾ" ಎಂದರು ಬೀಗರು. ಆಮೇಲೆ ಬೀಗಿತಿ ಕೇಳಿಸಿಕೊಂಡರೋ ಇಲ್ಲವೋ ಎಂದು ತಿರುಗಿ ನೋಡಿದರು. ಕೇಳಿಸಿಕೊಂಡಿದ್ದರು.

ಬೀಗರು ಆಮೇಲೂ ಒಂದೆರಡು ಸಲ ಹಾಕಿಕೊಂಡರಂತೆ, ಸಂತೆಗೆ ಗೋರಂಟ್ಲಕ್ಕೆ ಹೋದಾಗ. ಹಾಕಿಕೊಂಡ ದಿನವೇ ಬೀಗಿತಿಗೆ ಫೋನ್ ಮಾಡಿ ಒಪ್ಪಿಕೊಳ್ಳುತ್ತಿದ್ದರು. ಈಗ ಅದೂ ನಿಂತಿದೆ. ಅವರ ಕಣ್ಣಿಗೆ ದಾರ ಕಾಣುತ್ತಿದೆ.

ನಮ್ಮ ಪ್ರಶ್ನೆಗಳ ಸಾಲಿನಲ್ಲಿ ಹಲ್ಲುನೋವಿನ ಪ್ರಶ್ನೆಯೊಂದು ಸೇರಿಕೊಂಡಿತು. ಕೇಳತೊಡಗಿದ ಮೇಲೆ ಎಷ್ಟು ಮನೆಗಳಲ್ಲಿ ಹೆಂಗಸರು ಕೆನ್ನೆ ಮುಟ್ಟಿಕೊಂಡು ಹೂಂ ಎಂದರೋ! ಡಾಕ್ಟರಮ್ಮ ನರ್ಸಿಂಗ್ ಹೋಮಿಗೆ ಹೋಗಲಿಲ್ಲ. ಒಂದು ವರ್ಷ ನೋಡೋಣ ಎಂದುಕೊಂಡು ಉಳಿದರು. ಅವರು ನಮ್ಮ ಮೇಲಿನವರಿಗೆ ಒಂದು ಮಾತು ಗಟ್ಟಿಯಾಗಿ ಹೇಳಿದ್ದರು. ಡಾಕ್ಟರು ಯಾಕೆ ಮಾತಾಡುವುದಿಲ್ಲ ಎಂದು ಕೇಳುತ್ತೀರಿ, ಮಾತಾಡುವ ಹೊತ್ತಿಗೆ ಕೂಲಿ ಕಟ್ಟಿ ನೋಡಿ ಎಂದು. ಮುಂದಿನ ಹಂತದಲ್ಲಿ ಸಂಸ್ಥೆಯವರು ಹಾಗೇ ಮಾಡಿದರು. ವಾರದಲ್ಲಿ ಒಂದು ಮಧ್ಯಾಹ್ನ, ಕ್ಯೂ ಇಲ್ಲದ ಹೊತ್ತು, ಬಿಡಬೇಕೆನ್ನುವವರ ಜೊತೆ ಕೂತು ಮಾತಾಡುವುದಕ್ಕೇ ಡಾಕ್ಟರಮ್ಮನಿಗೂ ಒಬ್ಬ ನರ್ಸಿಗೂ ಪ್ರತ್ಯೇಕ ಸಂಭಾವನೆ ಇಟ್ಟರು. ಅದರಿಂದ ಏನಾಯಿತು ಎನ್ನುವುದನ್ನು ಲೆಕ್ಕ ಬಲ್ಲವರು ಇನ್ನೂ ನೋಡುತ್ತಿದ್ದಾರೆ. ನನಗೆ ಕಾಣುವುದಿಷ್ಟೇ, ಆ ಮಧ್ಯಾಹ್ನ ಹೊರಗಿನ ಬೇವಿನ ಮರದ ಕೆಳಗೆ ಈಗ ಗಂಡಸರೂ ಬಂದು ಕೂರುತ್ತಾರೆ.

ಮೊನ್ನೆ ಕಂಬದೂರಿನ ದಾರಿಯಲ್ಲಿ ಆ ಮನೆಗೆ ಹೋಗಿದ್ದೆ, ಕೆಲಸಕ್ಕಲ್ಲ. ಮಗು ಕಡ್ಲೆಕಾಯಿಯ ರಾಶಿಯ ಮೇಲೆ ಕೂತು ಎರಡೂ ಕೈಯಲ್ಲಿ ಬಾಚಿ ಚೆಲ್ಲುತ್ತಿತ್ತು. ಹುಡುಗಿಯ ಕೆನ್ನೆ ತುಂಬಿಕೊಂಡಿತ್ತು, ಊತದಿಂದಲ್ಲ. ಅತ್ತೆಯನ್ನು ಹೇಗಿದ್ದೀರಿ ಎಂದೆ.

"ಏನ್ ಹೇಳಾನಮ್ಮ, ನಿನ್ನೆ ಕನಸಲ್ಲಿ ಹಾಕ್ಕಂಡ್‌ಬುಟ್ಟಿದ್ದೆ. ಚೆನ್ನಾಗಿ ಸುಣ್ಣ ಹಚ್ಚಿ, ದವಡೆಗೆ ಒತ್ತಿ. ಎಚ್ಚರಾಗಿ ಎದ್ದೋಗಿ ಬಾಯಿ ತೊಳ್ಕಂಬಂದೆ!"

"ಕನಸಿನದಕ್ಕೂ ಬಾಯಿ ತೊಳೀಬೇಕಾ?"

"ಮತ್ತೇ? ಪಕ್ಕದಲ್ಲಿ ಕೂಸು ಮಲಗಿತ್ತಲ್ಲ ಕಣಮ್ಮ!"

ಹುಡುಗಿ ನಕ್ಕಳು, ನಾನೂ ನಕ್ಕೆ. ಯಾಕೆ ನಗುತ್ತಿದ್ದೇವೆಂದು ತಿಳಿಯದ ಮಗುವೂ ಒಂದು ಹಿಡಿ ಕಡ್ಲೆಕಾಯಿ ಮೇಲಕ್ಕೆ ತೂರಿ ಕೇಕೆ ಹಾಕಿತು.